ಇಂಜಿನ್ ಇಲ್ಲದ ಕಾರಿಗೆ ನಾಲ್ಕು ನಿಂಬೆಹಣ್ಣು

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಕಾರಣ ನಾಲ್ಕು ನಿಂಬೆಹಣ್ಣು. ಬೆಳಿಗ್ಗೆ ಐದು ಗಂಟೆಗೆ ಅವನ್ನು ಮುರಾರಿಯ ಚೀಲಕ್ಕೆ ಹಾಕಿದವಳು ಅವನ ಹೆಂಡತಿ ವೇದಾವತಿ.

"ಇದೆಂತಕ್ಕೆ?" ಮುರಾರಿ ಒಂದು ನಿಂಬೆಹಣ್ಣನ್ನು ಬಲ್ಬಿನ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಪಕ್ಕದ ಮನೆಯ ಜಯಲತಕ್ಕ ನಿನ್ನೆಯಿಂದ ನಮ್ಮ ಬಾಗಿಲಿಗೇ ಕಣ್ಣು ನೆಟ್ಟು ಕೂತಿದ್ದಾರೆ. ನಾವು ಈ ದಿವಾದ ಮನೆ ಬಿಟ್ಟು ಸೀವುಡ್ಸಿಗೆ ಹೋಗ್ತೇವೆ ಅಂತ ಹೇಳಿದ ಮೇಲೆ ಅವರಿಗೆ ನಿದ್ದೆಯೇ ಇಲ್ಲ. ದೃಷ್ಟಿ ತಾಗುದು ಬೇಡ, ಚೀಲದಲ್ಲಿರಲಿ."

"ಹೇಳಿಯೂ ಆಯ್ತಾ? ಕೆಲಸ ಇನ್ನೂ ಸಿಗಲಿಲ್ಲ ಮಾರಾಯ್ತಿ!"

"ಸಿಗ್ತದೆ. ಇವತ್ತು ಒಂದು ದಿನ ನೀವು ಯಾರ ಮೇಲೂ ಸಂಶಯ ಪಡದಿದ್ದರೆ ಸಾಕು."

ಅದು ಕಾಗೆಗೆ ಕೂಗಬೇಡ ಎಂದಂತೆ. ಮುಂಬಯಿ ಬದಿಯ ಠಾಣೆ ಪಟ್ಟಣದ ನಾಕಾ ವೃತ್ತದಲ್ಲಿರುವ ಜಯಶೀಲ ಶೆಟ್ಟರ ಸಸ್ಯಾಹಾರಿ ಹೋಟೆಲಿನಲ್ಲಿ ಮುರಾರಿ ಹದಿನಾಲ್ಕು ವರ್ಷದಿಂದ ಸುಪರ್‌ವೈಸರ್. ಹಾಲು ತಂದವನ ಮುಖ ನೋಡಿಯೇ ನೀರಿನ ಪಾಲು ಹೇಳುತ್ತಿದ್ದ. ಗಿರಾಕಿ ಎರಡು ಸಲ ಕೈ ತೊಳೆಯಲು ಎದ್ದರೆ ಮೇಜಿನ ಮೇಲಿನ ಚಮಚ ಎಣಿಸುತ್ತಿದ್ದ. ಹಿಂದೊಮ್ಮೆ ಊರಿಗೆ ಹೋಗುವಾಗ ರೈಲಿನಲ್ಲಿ ಪಕ್ಕದವನನ್ನು ನಂಬಿ, ಚೀಲ ಅವನ ಕೈಗೆ ಕೊಟ್ಟು ನೀರು ತರಲು ಇಳಿದಿದ್ದ. ನೀರು ಸಿಕ್ಕಿತ್ತು. ಅಂದಿನಿಂದ ಅವನು ಪ್ರಪಂಚದಲ್ಲಿ ನಂಬಿದ್ದು ಒಬ್ಬರನ್ನೇ, ತನ್ನ ಧನಿ ಜಯಶೀಲ ಶೆಟ್ಟರನ್ನು.

ಶೆಟ್ಟರು ಸೀವುಡ್ಸ್ ಸ್ಟೇಷನ್ನಿನ ಎದುರು ಹೊಸ ಬ್ರಾಂಚ್ ಮಾಡಿದ್ದರು. ಅದರ ಮೇಲೆಯೇ ಮ್ಯಾನೇಜರಿಗೆ ಎರಡು ಕೋಣೆಯ ಮನೆ, ಇಪ್ಪತ್ನಾಲ್ಕು ಗಂಟೆ ನೀರು. ದಿವಾದ ಚಾಳಿನ ಸಾಲುಮನೆಯಲ್ಲಿ ದಿನಬಿಟ್ಟು ದಿನ ಬರುವ ನೀರಿಗೆ ಕೊಡ ಸಾಲಿಡುವ ವೇದಾವತಿಗೆ ಆ ಮನೆಯ ನಲ್ಲಿ ಕನಸಿನಲ್ಲೂ ಸುರಿಯುತ್ತಿತ್ತು. ಆದರೆ ಮ್ಯಾನೇಜರ್ ಯಾರೆಂದು ಶೆಟ್ಟರು ಬಾಯಿ ಬಿಟ್ಟಿರಲಿಲ್ಲ. "ಭಾನುವಾರದ ಆರ್ಡರ್ ಚಂದ ಮಾಡು, ಮತ್ತೆ ನೋಡುವ" ಎಂದಿದ್ದರು. ಚಂದ ಆಗದಿದ್ದರೆ ಕೌಂಟರಿನ ಅಭಿಜಿತ್ ಇದ್ದೇ ಇದ್ದ. ಅವನು ಟೈ ಕಟ್ಟುತ್ತಿದ್ದ.

ಭಾನುವಾರದ ಆರ್ಡರ್ ಎಂದರೆ ಇನ್ನೂರು ಜನರಿಗೆ ಇಡ್ಲಿ, ವಡೆ, ಸಾಂಬಾರ್. ಸೀವುಡ್ಸಿನ ಮೈದಾನದಲ್ಲಿ ಒಂದು ಹೊಸ ಅಂತರರಾಷ್ಟ್ರೀಯ ಮೋಟಾರ್ ರೇಸ್ ಸರಣಿಯ ಉದ್ಘಾಟನೆ. ಒಂಬತ್ತು ದೇಶ, ಹನ್ನೆರಡು ತಂಡ ಎಂದು ಕಾರ್ಡಿನಲ್ಲಿ ಬಂಗಾರದ ಅಕ್ಷರ. ಕಾರ್ಡು ಕೈಗೆ ಬಂದಾಗಲೇ ಮುರಾರಿ ಬಂಗಾರವನ್ನು ಉಗುರಿನಿಂದ ಕೆರೆದು ನೋಡಿದ್ದ. ಅದು ಉದುರಿತ್ತು.

ಟೆಂಪೋ ಏಳು ಗಂಟೆಗೆ ಸೀವುಡ್ಸ್ ತಲುಪಿತು. ಹೊಸ ಬ್ರಾಂಚಿನ ಎದುರು ಹಾದುಹೋಗುವಾಗ ಅಡುಗೆಯ ಚನಿಯ ತಲೆ ಹೊರಗೆ ಹಾಕಿದ. ಕೆಂಪು ಬೋರ್ಡು, ಸುತ್ತ ಮಿಣುಕುವ ದೀಪ. ಶಟರಿಗೆ ಬೀಗ.

"ಮುರಾರಿಯಣ್ಣ, ಹೊಗೆ ಹೋಗುವ ಪೈಪು ಎಲ್ಲಿಯೂ ಕಾಣುದಿಲ್ಲ ಅಲ್ವಾ?"

"ಹಿಂದೆ ಇಟ್ಟಿರ್ತಾರೆ. ಧನಿಗಳ ಕೆಲಸ ಅದು. ನಿನಗೆ ಎಲ್ಲದರಲ್ಲೂ ಸಂಶಯ ಮಾರಾಯ!"

ಆ ಬಾಯಿಂದ ಆ ಮಾತು ಕೇಳಿ ಚನಿಯನ ಕೈಯಿಂದ ಸೌಟು ಜಾರಿತು.

ಮೈದಾನದಲ್ಲಿ ವೇದಿಕೆ, ಒಂಬತ್ತು ಬಾವುಟ, ಎರಡು ನಗಾರಿ ಇದ್ದವು. ನಡುವೆ, ಎಲ್ಲರಿಗೂ ಕಾಣುವಂತೆ ಇಳಿಜಾರಾಗಿ ಹಾಕಿದ ಹಲಗೆಯ ಮೇಲೆ, ಒಂದು ಕೆಂಪು ರೇಸ್ ಕಾರು ಸೊಳ್ಳೆಯಂತೆ ಮೂಗು ಚಾಚಿ ಕುಳಿತಿತ್ತು. ಹಲಗೆಯಿಂದ ಸ್ವಲ್ಪ ದೂರದಲ್ಲೇ ಊಟದ ಮೇಜು. ಮುರಾರಿ ಸಾಂಬಾರಿನ ಪಾತ್ರೆ ಇಡಿಸಿ, ಮೇಜಿಗೆ ಹೋಟೆಲಿನ ಹೆಸರಿನ ಬ್ಯಾನರ್ ಕಟ್ಟಿಸಿ, ಸುತ್ತ ಕಣ್ಣು ಹಾಯಿಸಿದ. ಇಲ್ಲಿ ಕ್ರಿಕೆಟ್ ಆಡಿದರೆ ಚೆಂಡು ಪಕ್ಕದ ಸೊಸೈಟಿಯ ಬಾಲ್ಕನಿಗೆ ಬೀಳುತ್ತದೆ. ಕಾರು ಓಡುವುದೆಲ್ಲಿ?

ಕಾರ್ಯಕ್ರಮ ನೋಡಿಕೊಳ್ಳುವ ಹುಡುಗಿ ಸೋನಾಲಿ ಕಿವಿಗೊಂದು ಫೋನು, ಕೈಗೊಂದು ಫೋನು ಹಿಡಿದು ಓಡಾಡುತ್ತಿದ್ದಳು. ಮುರಾರಿ ಅವಳನ್ನು ತಡೆದು ಹಿಂದಿಯಲ್ಲಿ ಕೇಳಿದ: "ಮೇಡಂ, ರೇಸ್ ಕಿಧರ್ ಹೋಗಾ?"

"ರೇಸ್ ಇಧರ್ ನಹೀ ಹೈ ಅಣ್ಣಾ. ಆಜ್ ಸಿರ್ಫ್ ಲಾಂಚ್."

ಮದುಮಗಳಿಲ್ಲದ ಮದುವೆಗೆ ಊಟ ಮಾತ್ರ! ಮುರಾರಿಯ ಎಡಗಣ್ಣು ಹೊಡೆದುಕೊಳ್ಳತೊಡಗಿತು.

ಅಷ್ಟರಲ್ಲಿ ರೇಸಿನ ಉಡುಪು ತೊಟ್ಟು, ಹೆಲ್ಮೆಟ್ ಹಾಕಿದವನೊಬ್ಬ ತಟ್ಟೆ ಹಿಡಿದು ಬಂದ. ಎದೆಯ ಮೇಲೆ ಯಾವುದೋ ದೇಶದ ಬಾವುಟ. ಮುರಾರಿ ಕೈಸನ್ನೆಯಲ್ಲಿ ವಡೆ ಬೇಕೇ ಎಂದು ಕೇಳಿದ.

"ವಡಾ ದೋ. ಔರ್ ಚಟ್ನಿ ಜಾಸ್ತಿ ಹಾಕಿ ಅಣ್ಣಾ," ಎಂದಿತು ಹೆಲ್ಮೆಟ್ಟು.

"ನೀನು... ನೀವು ಕನ್ನಡವಾ?"

ಹೆಲ್ಮೆಟ್ಟಿನ ಗಾಜು ಮೇಲೆದ್ದಿತು. ಒಳಗೆ ಮೀಸೆ ಚಿಗುರುತ್ತಿದ್ದ ಮುಖ. "ಪೃಥ್ವಿರಾಜ್. ಕಲ್ಯಾಣ್ ಸೇ. ಮಮ್ಮಿ ಕಾರ್ಕಳದವರು. ನಂಗೆ ಥೋಡಾ ಥೋಡಾ ಬರ್ತದೆ."

"ಇಷ್ಟು ಸಣ್ಣ ಪ್ರಾಯಕ್ಕೆ ರೇಸ್ ಓಡಿಸ್ತೀಯಾ?"

"ಅರೇ ಇಲ್ಲ ಅಂಕಲ್! ಫೋಟೋಗೆ ಮಾತ್ರ ಕೂತುಕೊಳ್ಳುದು. ನಂಗೆ ಸ್ಕೂಟಿ ಭೀ ಬರೂದಿಲ್ಲ. ಲೋಕಲ್ ಟ್ರೈನ್‌ನಲ್ಲಿ ಬಂದೆ."

ಮುರಾರಿ ಚನಿಯನ ಕಿವಿಗೆ ಬಾಗಿದ. "ಕೇಳಿದಿಯಾ? ಲೈಸೆನ್ಸ್ ಇಲ್ಲದ ಡ್ರೈವರು."

"ನಾವು ಇಡ್ಲಿ ಬಡಿಸಿ ಹೋಗುವ ಮುರಾರಿಯಣ್ಣ. ವೇದಾವತಕ್ಕ ಏನು ಹೇಳಿ ಕಳಿಸಿದ್ದಾರೆ, ನೆನಪುಂಟಲ್ವಾ?"

ಹತ್ತು ಗಂಟೆಗೆ ಕುರ್ಚಿಗಳು ತುಂಬಿದವು. ಪತ್ರಿಕೆಯವರು, ಕ್ಯಾಮರಾದವರು, ಆರಡಿ ಎತ್ತರದ ಒಬ್ಬ ವಿದೇಶಿ ಸಾಹೇಬ. ಮೊದಲ ಸಾಲಿನಲ್ಲಿ ಬಿಳಿ ಸಫಾರಿ ತೊಟ್ಟ ಜಯಶೀಲ ಶೆಟ್ಟರು. ಎಲ್ಲ ಸಿದ್ಧವಾಗಿತ್ತು, ಪೂಜೆಯ ಭಟ್ಟರೊಬ್ಬರನ್ನು ಬಿಟ್ಟು. ಹಳಿ ದುರಸ್ತಿಗೆಂದು ಭಾನುವಾರ ರೈಲು ತಡೆಯುವ ಮೆಗಾ ಬ್ಲಾಕಿನಲ್ಲಿ ಅವರ ರೈಲು ಕುರ್ಲಾದಲ್ಲಿ ನಿಂತಿತ್ತು.

ಸೋನಾಲಿ ಮೈದಾನವಿಡೀ ನೋಡಿದಳು. ಬಿಳಿ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡವನು ಒಬ್ಬನೇ.

"ಅಣ್ಣಾ, ಆಪ್ ಉಡುಪಿವಾಲೇ ಹೋ ನಾ? ಪೂಜಾ ಆತೀ ಹೈ?"

ಹೋಟೆಲಿನ ಪ್ರತಿ ಹೊಸ ಟೆಂಪೋಗೆ ಆರತಿ ಎತ್ತಿದವನು ಮುರಾರಿಯೇ. ಧನಿಗಳು ಬೇರೆ ನೋಡುತ್ತಿದ್ದಾರೆ. "ಆತೀ ಹೈ," ಎಂದು ಪಂಚೆ ಬಿಗಿದುಕೊಂಡ.

ವಾಹನ ಪೂಜೆ ಎಂದ ಮೇಲೆ ಚಕ್ರದ ಅಡಿಗೆ ನಿಂಬೆಹಣ್ಣು ಬೇಕು. ಚೀಲದಲ್ಲಿ ನಾಲ್ಕಿದ್ದವು, ಚಕ್ರವೂ ನಾಲ್ಕು. ವೇದಾವತಿಯ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದು ಕುಕ್ಕರುಗಾಲಲ್ಲಿ ಕುಳಿತ. ಪ್ರತಿ ಚಕ್ರದ ಮುಂದೆ ಒಂದೊಂದು ಮರದ ತುಂಡು ಯಾರೋ ಇಟ್ಟಿದ್ದರು. ದೇವರ ಕೆಲಸದ ಜಾಗದಲ್ಲಿ ಕಸ ಬಿಟ್ಟುಹೋಗುವ ಬಡಗಿಗಳನ್ನು ಬೈಯುತ್ತ, ನಾಲ್ಕನ್ನೂ ಎತ್ತಿ ಬದಿಗೆಸೆದು, ಆ ಜಾಗಕ್ಕೆ ನಿಂಬೆಹಣ್ಣು ಒತ್ತಿ ಇಟ್ಟ. ಆರತಿ ಎತ್ತಿದ. ತೆಂಗಿನಕಾಯಿ ಒಡೆದ. ಪೃಥ್ವಿರಾಜ್ ಕಾರಿನಲ್ಲಿ ಕುಳಿತು ಕ್ಯಾಮರಾಗಳಿಗೆ ಕೈಬೀಸಿದ.

"ಅಬ್ ಸ್ಟಾರ್ಟ್ ಕರೋ," ಎಂದ ಮುರಾರಿ. "ನಿಂಬೂ ಕೇ ಊಪರ್ ಸೇ ಜಾನಾ ಹೈ."

ಸೋನಾಲಿ ಪಿಸುಗುಟ್ಟಿದಳು. "ಸ್ಟಾರ್ಟ್ ನಹೀ ಹೋಗಾ ಅಣ್ಣಾ. ಐಸೇ ಹೀ ರಹನೇ ದೋ."

"ನಿಂಬೂ ನಹೀ ಫೂಟಾ ತೋ ಅಪಶಕುನ!"

"ಯೇ ಡಮ್ಮಿ ಹೈ. ಅಸಲೀ ಗಾಡಿಯಾಂ ದೋಪಹರ್ ಕೋ ಆಯೇಂಗೀ."

ಇದು ಡಮ್ಮಿ, ಅಸಲಿ ಕಾರು ಮಧ್ಯಾಹ್ನ ಬರುತ್ತದಂತೆ! ನೀರು ಹಾಲು ಮಾರುವವನೂ ಸಂಜೆ ಗಟ್ಟಿ ಹಾಲು ತರುತ್ತೇನೆಂದೇ ಹೇಳುತ್ತಾನೆ! ಮುರಾರಿ ಸಾಷ್ಟಾಂಗ ನಮಸ್ಕಾರದ ನೆಪದಲ್ಲಿ ಮಲಗಿ ಕಾರಿನ ಹಿಂಭಾಗದ ಅಡಿಗೆ ಕಣ್ಣು ಹಾಕಿದ. ಇಂಜಿನ್ ಇರಬೇಕಾದಲ್ಲಿ ಒಂದು ಹಲಗೆ, ಅದರ ಮೇಲೆ ಎರಡು ಮರಳು ಚೀಲ. ಅದರಾಚೆ ಖಾಲಿ ಜಾಗದಲ್ಲಿ ಚನಿಯನ ಎರಡು ಕಾಲು ಕಂಡವು.

ಅವನು ಎದ್ದು ಲೆಕ್ಕ ಹಾಕಿದ. ಓಡಲು ಜಾಗವಿಲ್ಲ, ಡ್ರೈವರಿಗೆ ಸ್ಕೂಟಿ ಬರುವುದಿಲ್ಲ, ಕಾರಿಗೆ ಇಂಜಿನ್ನೇ ಇಲ್ಲ. ಮೊದಲ ಸಾಲಿನಲ್ಲಿ ವಿದೇಶಿ ಸಾಹೇಬ ಶೆಟ್ಟರ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದ. ಇಡೀ ಸರಣಿಗೆ ಊಟದ ಕಂತ್ರಾಟು ಶೆಟ್ಟರಿಗೆ ಕೊಡುವ ಮಾತು ನಡೆದಿದೆಯೆಂದು ಮುರಾರಿ ಬೆಳಿಗ್ಗೆಯೇ ಕೇಳಿದ್ದ. ಪಾಪ, ದೇವರಂಥ ಧನಿ! ಕಣ್ಣೆದುರೇ ಗುಂಡಿಗೆ ಬೀಳುತ್ತಿದ್ದಾರೆ. ಈಗ ಉಳಿಸಿದರೆ ಸೀವುಡ್ಸ್ ಬ್ರಾಂಚು ತನಗಲ್ಲದೆ ಇನ್ಯಾರಿಗೆ?

ಮುರಾರಿ ವೇದಿಕೆಯ ಮೈಕು ಕಿತ್ತುಕೊಂಡ. ಅವಸರದಲ್ಲಿ ಹಿಂದಿ ಬಾಯಿಗೇ ಬರಲಿಲ್ಲ, ಬಂದದ್ದು ಕನ್ನಡ.

"ಇದು ಮೋಸ! ಇದಕ್ಕೆ ಇಂಜಿನ್ ಇಲ್ಲ! ಒಳಗೆ ಮರಳು ಉಂಟು, ಮರಳು!"

ಜನ ಥಟ್ಟನೆ ಎದ್ದು ನಿಂತರು. ಚಪ್ಪಲಿ ಬಿಟ್ಟರು. ಕೈಮುಗಿದರು. ವಿದೇಶಿ ಸಾಹೇಬ ಕಣ್ಣು ಮುಚ್ಚಿ ತಲೆಬಾಗಿದ. ಪೂಜೆಯ ಮಂತ್ರ ಈಗ ಶುರುವಾಯಿತೆಂದು ಅವರೆಲ್ಲ ತಿಳಿದಿದ್ದರು. ನಗಾರಿಯವನು ಮೆಲ್ಲಗೆ ತಾಳ ಹಿಡಿದ.

"ಕೈ ಮುಗಿಬೇಡಿ! ಪೊಲೀಸರನ್ನು ಕರೀರಿ!"

ಹಿಂದಿನ ಸಾಲಿನ ಮುದುಕಿಯೊಬ್ಬಳು ಕೆನ್ನೆ ಕೆನ್ನೆ ಬಡಿದುಕೊಂಡಳು.

"ಈ ಗಾಡಿ ಒಂದು ಇಂಚೂ ಮುಂದೆ ಹೋಗುದಿಲ್ಲ! ನನ್ನ ತಲೆ ಮೇಲೆ ಕೈ ಇಟ್ಟು ಹೇಳ್ತೇನೆ, ಒಂದು ಇಂಚೂ..." ಎನ್ನುತ್ತ ಮುರಾರಿ ಕಾರಿನ ಹಿಂಭಾಗಕ್ಕೆ ರಪ್ಪನೆ ಹೊಡೆದ.

ಪಚಕ್ ಎಂದಿತು ಒಂದು ನಿಂಬೆಹಣ್ಣು. ಪಚಕ್, ಪಚಕ್, ಪಚಕ್ ಎಂದವು ಉಳಿದ ಮೂರು. ಮರದ ತುಂಡುಗಳಿಲ್ಲದ ಕಾರು ಹಲಗೆಯ ಮೇಲಿಂದ ಜಾರಿ ಹೊರಟಿತು.

"ಅಂಕಲ್! ಬ್ರೇಕ್ ಕಿಧರ್ ಹೈ?" ಪೃಥ್ವಿರಾಜ್ ಕೂಗಿದ.

"ಇಂಜಿನ್ನೇ ಇಲ್ಲ, ಇನ್ನು ಬ್ರೇಕ್ ಎಲ್ಲಿಂದ ತರ್ಲಿ!" ಎಂದು ಮುರಾರಿ ಹಿಂದೆಯೇ ಓಡಿದ.

ನಗಾರಿ ಭೋರ್ಗರೆಯಿತು. ಚನಿಯ ಇಡ್ಲಿಯ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಹಾರಿದ. ಕಾರು ಊಟದ ಮೇಜಿಗೆ ಮೂಗು ತಾಗಿಸಿ ನಿಂತಿತು. ಸಾಂಬಾರು ಅದರ ಮೂತಿಗೆ ಅಭಿಷೇಕವಾಯಿತು. ಹೋಟೆಲಿನ ಬ್ಯಾನರ್ ಹಾರಿ ಬಂದು ಮೇಲೆ ಹೊದ್ದುಕೊಂಡಿತು. ಒಳಗಿಂದ ಪೃಥ್ವಿರಾಜ್ ಹೆಬ್ಬೆರಳೆತ್ತಿ ತೋರಿಸಿದ. ಬೆರಳಿಗೆ ನುಗ್ಗೆಕಾಯಿ ಅಂಟಿತ್ತು.

ಚಪ್ಪಾಳೆಯೋ ಚಪ್ಪಾಳೆ. ಕ್ಯಾಮರಾದವರು ಒಬ್ಬರ ಮೇಲೊಬ್ಬರು ಬಿದ್ದರು. ವಿದೇಶಿ ಸಾಹೇಬ ಒಂಬತ್ತು ದೇಶದಲ್ಲೂ ಹೀಗೆಯೇ ನಿಂಬೆಹಣ್ಣಿಟ್ಟು ಉದ್ಘಾಟಿಸಬೇಕೆಂದು ಸೋನಾಲಿಗೆ ಹೇಳಿ ಬರೆಸಿಕೊಂಡ.

ಚಪ್ಪಾಳೆ ತಟ್ಟದವರು ಒಬ್ಬರೇ. ಕನ್ನಡ ಬಲ್ಲ ಜಯಶೀಲ ಶೆಟ್ಟರು. ಅವರು ಮುರಾರಿಯನ್ನು ತೋರುಬೆರಳಿನಿಂದ ಕರೆದರು.

"ಬಾ."

ಅಷ್ಟೇ. ಮೈದಾನ ದಾಟಿ, ರಸ್ತೆ ದಾಟಿ, ಅವರು ಮುಂದೆ, ಮುರಾರಿ ಹಿಂದೆ. ವೇದಾವತಿಯ ನಲ್ಲಿಯ ನೀರು ಹನಿಹನಿಯಾಗಿ ನಿಲ್ಲುವುದು ಅವನಿಗೆ ಕೇಳಿಸುತ್ತಿತ್ತು. ಶೆಟ್ಟರು ಹೊಸ ಬ್ರಾಂಚಿನ ಎದುರು ನಿಂತು, ಕಿಸೆಯಿಂದ ಬೀಗದ ಕೈ ತೆಗೆದರು.

"ಅಷ್ಟು ಜನರಲ್ಲಿ ಕಾರಿನ ಅಡಿಗೆ ಕಣ್ಣು ಹಾಕಿದವ ನೀನೊಬ್ಬನೇ ಅಲ್ವಾ?"

"ತಪ್ಪಾಯ್ತು ಧನಿಗಳೇ."

"ತಪ್ಪಲ್ಲ ಮಾರಾಯ. ಅಭಿಜಿತ್ ಇದ್ದಿದ್ದರೆ ಕಾರಿನ ಜೊತೆ ಫೋಟೋ ತೆಗೀತಿದ್ದ. ಇಗೋ ಹಿಡಿ. ಇವತ್ತಿಂದ ಸೀವುಡ್ಸ್ ಬ್ರಾಂಚಿನ ಮ್ಯಾನೇಜರ್ ನೀನು."

ಮುರಾರಿಗೆ ಕಣ್ಣು ತುಂಬಿ ಬಂತು. ಅಲ್ಲೇ ಮನೆಗೆ ಫೋನು ಮಾಡಿ, "ವೇದಾ, ಸಿಕ್ಕಿತು!" ಎಂದಷ್ಟೇ ಹೇಳಿ ಇಟ್ಟ. ಶಟರ್ ಎತ್ತಿದ. ಕನ್ನಡಿ ಹಾಕಿದ ಗೋಡೆ, ಸಾಲು ಮೇಜು, ಗಣಪತಿಯ ಪಟ, ಅದರ ಕೆಳಗೆ ಮ್ಯಾನೇಜರನ ತಿರುಗುವ ಕುರ್ಚಿ. ಹಿಂದೆ 'ಅಡುಗೆಮನೆ' ಎಂದು ಬರೆದ ಹಸಿರು ಪರದೆ. ಮುರಾರಿ ಸಂತೋಷದಲ್ಲಿ ಹೋಗಿ ಪರದೆ ಸರಿಸಿದ.

ಪರದೆಯ ಹಿಂದೆ ಗೋಡೆ ಇತ್ತು.

"ಧನಿಗಳೇ, ಒಲೆ?"

"ಇಲ್ಲಿ ಒಲೆಗೆ ಪರವಾನಗಿ ಸಿಗಲಿಲ್ಲ. ಅಡುಗೆಮನೆ ದಿವಾದಲ್ಲಿ ಮಾಡಿದ್ದೇನೆ, ನಿನ್ನ ಚಾಳಿನ ಹಿಂದೆಯೇ. ನೀನು ಬೆಳಿಗ್ಗೆ ಮಾಡಿಸಿ, ಮೊದಲ ಲೋಕಲಿನಲ್ಲಿ ಡಬ್ಬಿ ಹೇರಿ, ಠಾಣೆಯಲ್ಲಿ ರೈಲು ಬದಲಿಸಿ ಇಲ್ಲಿಗೆ ತಂದರಾಯ್ತು. ಗಿರಾಕಿಗೆ ಬಿಸಿ ಇದ್ದರೆ ಸಾಕು, ಒಲೆ ಎಲ್ಲಿದೆ ಅಂತ ಯಾರು ನೋಡ್ತಾರೆ? ನೋಡುವವ ನೀನೊಬ್ಬ. ನಿನ್ನನ್ನು ಹೊರಗೆ ಬಿಡುದಕ್ಕಿಂತ ಒಳಗೆ ಕೂರಿಸುದು ಒಳ್ಳೇದು ಅಂತ ಇವತ್ತು ನನಗೆ ಗೊತ್ತಾಯ್ತು."

"ಮೇಲಿನ ಮನೆ?"

"ಒಲೆ ಇದ್ದಲ್ಲಿ ಮ್ಯಾನೇಜರ್ ಇರಬೇಕು. ದಿವಾ ಬಿಡಬೇಡ."

ಮುರಾರಿ ತಿರುಗುವ ಕುರ್ಚಿಯಲ್ಲಿ ಕುಸಿದ. ಅದು ತಿರುಗಲಿಲ್ಲ. ಅದೇ ಹೊತ್ತಿಗೆ ಮೈದಾನದ ಕಡೆಯಿಂದ ನೂರು ಮಿಕ್ಸರ್ ಒಟ್ಟಿಗೆ ತಿರುಗಿದಂಥ ಸದ್ದು ಬಂತು. ಸೀವುಡ್ಸಿನ ಕಿಟಕಿಗಳೆಲ್ಲ ನಡುಗಿದವು. ಮಧ್ಯಾಹ್ನ ಬರುತ್ತವೆ ಎಂದು ಸೋನಾಲಿ ಹೇಳಿದ್ದ ಅಸಲಿ ಕಾರುಗಳು ಬಂದಿದ್ದವು, ಒಂದೊಂದೂ ಇಂಜಿನ್ ಸಮೇತ.

"ಅವರದ್ದು ಸತ್ಯದ್ದೇ ಧನಿಗಳೇ?"

"ಮತ್ತೆ? ಎಲ್ಲರ ಮೇಲೂ ಸಂಶಯ ಪಡಬಾರದು ಮಾರಾಯ," ಎಂದು ಶೆಟ್ಟರು ಸಫಾರಿ ಸರಿಮಾಡಿಕೊಂಡು ಹೊರಟರು.

ಫೋನು ಬಡಿದುಕೊಂಡಿತು. ವೇದಾವತಿ. ಹಿನ್ನೆಲೆಯಲ್ಲಿ ಪಾತ್ರೆ ಕಟ್ಟುವ ಸದ್ದು, ಜಯಲತಕ್ಕನ ಸ್ವರ.

"ಕೊಡಗಳನ್ನೆಲ್ಲ ಜಯಲತಕ್ಕನಿಗೆ ಕೊಟ್ಟುಬಿಟ್ಟೆ. ಇನ್ನು ನಮಗೆ ಯಾಕೆ? ಬ್ರಾಂಚು ಹೇಗುಂಟು? ಎಲ್ಲ ಸರಿಯಾಗಿ ನೋಡಿದ್ರಾ?"

ಮುರಾರಿ ಪರದೆಯನ್ನು ನೋಡಿದ, ಪರದೆಯ ಹಿಂದಿನ ಗೋಡೆಯನ್ನು ನೋಡಿದ.

"ಬೋರ್ಡು ಭಾರಿ ಚಂದ ಉಂಟು," ಎಂದ. "ನೀನೊಂದು ಕೆಲಸ ಮಾಡು. ಮೊದಲು ಕೊಡ ವಾಪಸ್ ತೆಗೊ. ಮತ್ತೆ ಅಲಾರಾಂ ಮೂರು ಗಂಟೆಗೆ ಇಡು."