ಪಕ್ಕದ ಸೀಟಿನ ಹೆಡ್‌ಸೆಟ್

ನಮ್ಮ ಕಡೆ ಹೊಸ ಟ್ರ್ಯಾಕ್ಟರ್ ಕೊಂಡರೆ ಯಾರೂ ಏನೂ ಕೇಳುವುದಿಲ್ಲ. ವಿಮಾನದ ಸಾಮಾನು ಕೊಂಡು ನೋಡಿ, ಫಜೀತಿಗಳು ವಿಳಾಸ ಕೇಳಿಕೊಂಡು ಮನೆಗೇ ಬರುತ್ತವೆ. ನನಗಂತೂ ಇನ್ನೂ ಬರುತ್ತಲೇ ಇವೆ.

ನನ್ನದು ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು, ಮನೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ತಲೆ ಬೆಳ್ಳಗಾಗುವ ವಯಸ್ಸಿನಲ್ಲಿ ಹುಚ್ಚು ಹಿಡಿದು, ಜಿಲ್ಲೆಯಂಚಿನ ಫ್ಲೈಯಿಂಗ್ ಕ್ಲಬ್ಬಿಗೆ ಸೇರಿ, ಖಾಸಗಿ ಪೈಲಟ್ ಲೈಸೆನ್ಸ್ ಪಡೆದೆ. ಅಂದರೆ ಸಂಬಳಕ್ಕೆ ವಿಮಾನ ಹಾರಿಸುವಂತಿಲ್ಲ, ಖುಷಿಗೆ ಹಾರಿಸಬಹುದು. ವಿಮಾನ ಕ್ಲಬ್ಬಿನದು, ತಾಸಿನ ಲೆಕ್ಕದ ಬಾಡಿಗೆ. ನನ್ನ ಸ್ವಂತದ್ದು ಅಂದರೆ ಒಂದು ಬ್ಯಾಗಿನಲ್ಲಿ ಹಿಡಿಯುವಷ್ಟು ಸಾಮಾನು. ಅದರಲ್ಲಿ ಹೆಡ್‌ಸೆಟ್ ಮಾತ್ರ ಎರಡು. ಒಂದು ನನಗೆ, ಇನ್ನೊಂದು ಪಕ್ಕದ ಸೀಟಿಗೆ.

ಆ ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ಒಂದು ಸಲವಾದರೂ ಕೂತು ನಮ್ಮ ಊರನ್ನು ಮೇಲಿನಿಂದ ನೋಡಬೇಕು. ನನಗೆ ಇದ್ದದ್ದು ಅದೊಂದೇ ಆಸೆ. ಆಕೆ ಮೊದಲ ದಿನವೇ ಹೇಳಿಬಿಟ್ಟಳು, "ನಾ ಒಲ್ಲೆ. ನೀವು ಸ್ಕೂಟರ್ ಹೊಡೆಯೋದು ನೋಡೀನಿ."

ಮಿಲ್ ನಿಂತೈತಿ

ಹೆಡ್‌ಸೆಟ್ ತರಿಸುವ ಮೊದಲು ಬೆಂಗಳೂರಿನ ಅಂಗಡಿಯವನೊಂದಿಗೆ ಫೋನಿನಲ್ಲಿ ಉದ್ದದ ಮಾತಾಯಿತು. "ಸರ್, ಇಂಜಿನ್ ಸದ್ದು ಪೂರ್ತಿ ಹೋಗುತ್ತೆ. ಪಕ್ಕದಲ್ಲಿ ಕೂತವರ ಮಾತು ಮಾತ್ರ ಒಂದಕ್ಷರ ಬಿಡದೆ ಕೇಳುತ್ತೆ" ಅಂದ. ಸ್ಪೀಕರಿನಲ್ಲಿ ಹಾಕಿದ್ದೆ. ಸೊಪ್ಪು ಸೋಸುತ್ತ ಕೂತಿದ್ದ ಹೆಂಡತಿ, "ಅಂಥಾದ್ದು ಮನಿಯೊಳಗೂ ಒಂದು ಹಾಕ್ಕೋಬೇಕ್ರಿ ನೀವು" ಅಂದಳು.

ಪಾರ್ಸೆಲ್ ಬಂದದ್ದು ಮಿಲ್ಲಿಗೆ. ಪರೀಕ್ಷೆ ಮಾಡಲು ಅಲ್ಲಿ ವಿಮಾನ ಎಲ್ಲಿದೆ? ಆದರೆ ಸದ್ದಿಗೇನೂ ಬರವಿಲ್ಲವಲ್ಲ, ಅಕ್ಕಿ ಗಿರಣಿ ಓಡುತ್ತಿತ್ತು. ಹಾಕಿಕೊಂಡು ಬಟನ್ ಒತ್ತಿದೆ. ಬೆಲ್ಟು ತಿರುಗುತ್ತಿದೆ, ಧೂಳು ಏಳುತ್ತಿದೆ, ಸದ್ದೇ ಇಲ್ಲ! ಆ ಆನಂದ ಒಬ್ಬನಿಗೇ ಯಾಕೆಂದು, ನಮ್ಮ ಹಳೆಯ ಫಿಟ್ಟರನ ಹಿಂದೆ ಹೋಗಿ ಅವನಿಗೆ ಹೇಳದೆ ಕೇಳದೆ ತಲೆಗೆ ಹಾಕಿಬಿಟ್ಟೆ.

ಗಿರಣಿಯ ಸದ್ದು ಒಂಚೂರು ಬದಲಾದರೂ ನಿದ್ದೆಯಿಂದ ಎದ್ದು ಕೂರುವ ಮನುಷ್ಯ ಅವನು. ಒಮ್ಮೆಲೇ ಎಲ್ಲ ಗಪ್ಪಾದದ್ದೇ ತಡ, "ಸಾವ್ಕಾರ್ರ, ಮಿಲ್ ನಿಂತೈತಿ!" ಎಂದು ಚೀರಿ, ಹೆಡ್‌ಸೆಟ್ ಸಮೇತ ಸ್ವಿಚ್ ಬೋರ್ಡಿಗೆ ಓಡಿದ. ಚಾಲೂ ಮಾಡುವ ಅವಸರದಲ್ಲಿ ಹಿಡಿಕೆಯನ್ನು ಕೆಳಗೆ ಎಳೆದ. ಓಡುತ್ತಿದ್ದ ಗಿರಣಿ ನಿಜವಾಗಿಯೂ ನಿಂತಿತು. ನಾನು ಹೋಗಿ ಹೆಡ್‌ಸೆಟ್ ತೆಗೆದೆ. ಅವನು ನಿಶ್ಶಬ್ದವಾದ ಮಿಲ್ಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ನಾ ಹೇಳಿಲ್ಲೇನ್ರಿ?" ಅಂದ.

ಗಾಡಿ ಎಲ್ಲಿ?

"ಪೂಜಿ ಆಗದ ಸಾಮಾನು ನಾ ತಲಿಗೆ ಹಾಕ್ಕೊಳ್ಳಂಗಿಲ್ಲ" ಎಂದು ಹೆಂಡತಿ ಹೇಳಿದಾಗ ನನಗೆ ಒಳಗೊಳಗೇ ಸಂತೋಷವಾಯಿತು. ಪೂಜೆ ಆದರೆ ಹಾಕಿಕೊಳ್ಳುತ್ತಾಳೆ ಎಂದಾಯಿತಲ್ಲ! ಮರುದಿನವೇ ಎರಡೂ ಹೆಡ್‌ಸೆಟ್ ಹಿಡಿದು ಕುರುಗೋಡಿನ ಬಸವಣ್ಣನ ಗುಡಿಗೆ ಹೋದೆವು.

ಅಲ್ಲಿಯ ಸ್ವಾಮಿಗಳು ದಿನಾ ಬೈಕು, ಟ್ರ್ಯಾಕ್ಟರ್, ಲಾರಿ ಪೂಜೆ ಮಾಡಿ ಪಳಗಿದವರು. ತಟ್ಟೆಯನ್ನು ನೋಡಿ, "ಗಾಡಿ ಎಲ್ಲಿ?" ಅಂದರು.

"ಗಾಡಿ ಕ್ಲಬ್ಬಿನ್ಯಾಗ ಐತ್ರಿ ಸ್ವಾಮ್ಯಾರ, ಹೊರಗ ತರಾಕ ಬರಂಗಿಲ್ಲ. ಇದು ಅದರ ಸಾಮಾನು."

"ಆಗಲಿ, ಬಸವಣ್ಣಗ ಎಲ್ಲಾ ಒಂದ" ಎಂದು ಕಿವಿ ಮುಚ್ಚುವ ಬಟ್ಟಲುಗಳ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದರು, ಸೇವಂತಿಗೆ ಸುತ್ತಿದರು, ಕಾಯಿ ಒಡೆದರು. ಎಲ್ಲ ಸಾಂಗವಾಗಿ ನಡೆದು ಕೊನೆಗೆ ನಿಂಬೆಹಣ್ಣಿನ ಹತ್ತಿರ ಬಂದು ನಿಂತಿತು. ನಿಂಬೆಹಣ್ಣು ಗಾಲಿಯ ಕೆಳಗೆ ಇಡಬೇಕು, ಗಾಡಿ ಮುಂದೆ ಹೋಗಿ ಅದು ಅಪ್ಪಚ್ಚಿಯಾಗಬೇಕು. ಹೆಡ್‌ಸೆಟ್ಟಿಗೆ ಗಾಲಿ ಎಲ್ಲಿಂದ ತರುವುದು? ಸ್ವಾಮಿಗಳು ಕಣ್ಣು ಮುಚ್ಚಿ ಯೋಚಿಸಿದರು. ನಿಂಬೆಹಣ್ಣು ಬಿಟ್ಟರೆ ಪೂಜೆ ಅರ್ಧವಾಯಿತು ಎಂದು ಹೆಂಡತಿ ತಕರಾರು ತೆಗೆದಳು.

"ಹಂಗಾದ್ರ ಸಾವ್ಕಾರ್ರ, ನೀವ ಗಾಡಿ ಆಗ್ರಿ" ಅಂದರು ಸ್ವಾಮಿಗಳು.

ಹೂಮಾಲೆ ಸಮೇತ ಹೆಡ್‌ಸೆಟ್ ನನ್ನ ತಲೆಗೇರಿತು. ಗುಡಿಯ ಮುಂದೆ ಎಡಗಾಲಿಗೊಂದು, ಬಲಗಾಲಿಗೊಂದು ನಿಂಬೆಹಣ್ಣು. "ಹ್ಞಾಂ, ಬರ್ರಿ, ಬರ್ರಿ, ನಿಧಾನ, ಸೀದಾ ಬರ್ರಿ" ಎಂದು ಲಾರಿಗೆ ಕೈ ಮಾಡಿದಂತೆ ಸ್ವಾಮಿಗಳು ಕೈ ಮಾಡುತ್ತ ಹಿಂದೆ ಹಿಂದೆ ಸರಿದರು. ನಾನು ಎರಡನ್ನೂ ತುಳಿದು ಮುಂದೆ ಹೋದೆ. ದರ್ಶನಕ್ಕೆ ಬಂದಿದ್ದ ಅಜ್ಜಿಯೊಬ್ಬಳು ಕೈ ಮುಗಿದು, "ಇದು ಯಾವ ಹರಕಿ, ತಾಯಿ?" ಎಂದು ನನ್ನ ಹೆಂಡತಿಯನ್ನು ಕೇಳಿದಳು.

"ಇವ್ರದು ತೀರ್ತು, ಅಮ್ಮಾ. ನಂದು ಇನ್ನೂ ಹೊತ್ತಿಲ್ಲ" ಅಂದಳು ಆಕೆ.

ಒಂದು ಪ್ಯಾಂಟು

ಹಾರುವಾಗ ನಕ್ಷೆ ಕೈಗೆ ಸಿಗುವಂತೆ ತೊಡೆಯ ಮೇಲೆ ದೊಡ್ಡ ಜೇಬಿರುವ ಪ್ಯಾಂಟು ಬೇಕಾಗುತ್ತದೆ. ಜೀನ್ಸ್ ಊರಾದ ಬಳ್ಳಾರಿಯಲ್ಲಿ ಇದೊಂದು ದೊಡ್ಡ ಮಾತೇ ಎಂದು ಪರಿಚಯದ ಜೀನ್ಸ್ ಕಾರ್ಖಾನೆಯ ಕಟಿಂಗ್ ಮಾಸ್ಟರ್ ಹತ್ತಿರ ಹೋದೆ. ಅಳತೆ ತೆಗೆದುಕೊಂಡ ಆತ, "ಎಷ್ಟು ಡಜನ್ ಸಾರ್?" ಅಂದ.

"ಡಜನ್ ಅಲ್ರೀ, ಒಂದು ಪ್ಯಾಂಟು."

ಆತ ಕತ್ತರಿ ಕೆಳಗಿಟ್ಟ. "ಒಂದಾ? ಒಂದ ಬಟ್ಟಿ ಕತ್ತರ್ಸಾಕ ನನ್ ಕೈಯಾಗ ಆಗಂಗಿಲ್ಲ ಸಾರ್. ಒಂದರ ಮ್ಯಾಲ ಒಂದು ಥಪ್ಪಿ ಹಾಕಿದ್ರನ ಮಿಷನ್ ಓಡ್ತೈತಿ."

ಗೋಗರೆದ ಮೇಲೆ, "ಸರೆ, ನೀವು ಹೋಗ್ರಿ, ನಾ ಏನಾರ ಮಾಡ್ತೀನಿ" ಅಂದ. ಏನಾದರೂ ಮಾಡಿಯೇಬಿಟ್ಟಿದ್ದ. ಬಂದದ್ದು ಒಂದು ಮೂಟೆ, ಎಲ್ಲವೂ ನನ್ನದೇ ಸೊಂಟದ ಅಳತೆಯವು. ನಾನು ಒಂದೆರಡು ಇಟ್ಟುಕೊಂಡು ಉಳಿದದ್ದನ್ನು ಮಿಲ್ಲಿನ ಹಮಾಲರಿಗೆ ಹಂಚಿದೆ. ಅವರು ಸೊಂಟಕ್ಕೆ ಹಗ್ಗ ಬಿಗಿದು, ತೊಡೆಯ ಜೇಬಿನಲ್ಲಿ ಎಲೆ ಅಡಿಕೆ, ಬೀಡಿ, ಬುತ್ತಿಯ ರೊಟ್ಟಿ ತುಂಬಿಕೊಂಡು ತಿರುಗಾಡತೊಡಗಿದರು. ತೆಕ್ಕಲಕೋಟೆಯಿಂದ ಭತ್ತ ತಂದ ರೈತನೊಬ್ಬ ಎಲ್ಲರ ಮೈಮೇಲೂ ಒಂದೇ ಥರದ ಪ್ಯಾಂಟು ಕಂಡು, "ಮಿಲ್ಲಿನ್ಯಾಗ ಪೊಲೀಸ್ರು ಅದಾರಪ್ಪೋ" ಎಂದು ಟ್ರ್ಯಾಕ್ಟರ್ ಗೇಟಿನಿಂದಲೇ ಹಿಂದೆ ತಿರುಗಿಸಿದ.

ಚೀಲದ ತೂಕ

ಸಣ್ಣ ವಿಮಾನದಲ್ಲಿ ಕೂರುವವರ ತೂಕವನ್ನು ಮೊದಲೇ ಹೇಳಬೇಕು. ನಮ್ಮ ಬ್ಯಾಗಿನ ಸಾಮಾನು, ಪೆಟ್ರೋಲು, ಮನುಷ್ಯರು, ಎಲ್ಲ ಸೇರಿ ಒಂದು ಮಿತಿಯೊಳಗೆ ಇರಬೇಕು. ಹೆಂಡತಿಯನ್ನು ಕೇಳಿದೆ. ಆಕೆ ಕಿಟಕಿಯ ಕಡೆ ಮುಖ ಮಾಡಿದಳು. ಎರಡನೇ ಸಲ ಕೇಳಿದ್ದಕ್ಕೆ ಅಂದು ಸಾರಿಗೆ ಉಪ್ಪು ಬೀಳಲಿಲ್ಲ.

ಕೊನೆಗೆ ಒಂದು ರಾಜಿಯಾಯಿತು. ಆಕೆ ನಮ್ಮ ಮಿಲ್ಲಿನ ಕಾಟಾದ ಮೇಲೆ ನಿಲ್ಲುತ್ತಾಳೆ, ತೂಕದವನು ನೋಡುತ್ತಾನೆ, ನಾನು ಬೆನ್ನು ತಿರುಗಿಸಿ ನಿಲ್ಲಬೇಕು. ಹಾಗೆಯೇ ನಿಂತೆ. ಹಿಂದೆ ಗುಸುಗುಸು ಕೇಳಿತು. ತಿರುಗಿದರೆ ಆಕೆಯ ಮುಖ ಅರಳಿ ಹೂವಾಗಿದೆ.

"ಲಗ್ನದಾಗ ಎಷ್ಟಿದ್ದೆನೋ ಅಷ್ಟ ಅದೀನಿ ನೋಡ್ರಿ! ಇಷ್ಟು ಹಗುರ ಇದ್ದಾಕಿ ಕುಂತ್ರ ವಿಮಾನಕ್ಕ ಏನು ಭಾರ? ನಡೀರಿ, ಬರ್ತೀನಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ, ಕುಣಿಯುವುದೊಂದು ಬಾಕಿ. ಆದರೂ ಪೈಲಟನ ಜೀವ ಕೇಳಬೇಕಲ್ಲ. ಆಕೆ ಕಾರಿನ ಕಡೆ ಹೋದ ಮೇಲೆ ತೂಕದವನನ್ನು ಮೂಲೆಗೆ ಕರೆದೆ. "ಲೇ, ಖರೇ ಹೇಳು, ಹೆಂಗ ತೂಗಿದಿ?"

"ದಿನಾ ನೆಲ್ಲು ತೂಗಿದಂಗನ ತೂಗೀನ್ರಿ" ಅಂದ ಅವನು, ನಿರಾಳವಾಗಿ. "ಚೀಲದ ತೂಕ ಕಳದೆ, ತೇವಾಂಶ ಕಳದೆ, ಕಸಾ ಕಡ್ಡಿಗೆ ಅಂತ ಒಂದೀಟು ಕಳದೆ."

ಕಳೆದದ್ದನ್ನೆಲ್ಲ ಮತ್ತೆ ಕೂಡಿಸಿ ಕ್ಲಬ್ಬಿಗೆ ಗುಟ್ಟಾಗಿ ಹೇಳಿದೆ. ತೂಕದವನಿಗೆ ಮುಂದಿನ ಹಬ್ಬಕ್ಕೆ ಹೊಸ ಅಂಗಿ ಹೋಯಿತು. ಯಾಕೆಂದು ನನ್ನ ಹೆಂಡತಿಗೆ ಇಂದಿಗೂ ಗೊತ್ತಿಲ್ಲ.

ಒಂದಕ್ಷರ ಬಿಡದೆ

ಹೊರಡುವ ದಿನ ಮುಂಜಾನೆ ನಾನು ಹೆಡ್‌ಸೆಟ್ಟಿನ ಬ್ಯಾಟರಿ ನೋಡುತ್ತ, ಅದನ್ನು ಹಾಕಿಕೊಂಡೇ ಬ್ಯಾಗು ತುಂಬುತ್ತಿದ್ದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಬಾಯಿ ಆಡುವುದು ಕಂಡಿತು. "ಹ್ಞೂಂ" ಅಂದೆ. ಸಂಸಾರದಲ್ಲಿ ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಆಕೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ವಿಮಾನದಲ್ಲಿ ಕೂರಿಸಿ, ಮಲ್ಲಿಗೆ ಮುದುಡದಂತೆ ಅವಳ ಹೆಡ್‌ಸೆಟ್ಟನ್ನು ನಾನೇ ತೊಡಿಸಿದೆ. ಪೆಟ್ರೋಲು ನೋಡಿದೆ, ಆಯಿಲ್ ನೋಡಿದೆ, ಒಂದೊಂದು ಸ್ವಿಚ್ಚನ್ನೂ ಬೆರಳಿಟ್ಟು ಮುಟ್ಟಿ ನೋಡಿದೆ. ಮೇಲೇರುವವರೆಗೆ ಆಕೆ ಕಣ್ಣು ಮುಚ್ಚಿ, ನನ್ನ ತೊಡೆಯ ಜೇಬನ್ನು ನಕ್ಷೆಯ ಸಮೇತ ಹಿಡಿದುಕೊಂಡಿದ್ದಳು.

ಕುರುಗೋಡಿನ ಗುಡ್ಡಗಳ ಮೇಲೆ ಬಂದಾಗ ಒಂದು ಕಣ್ಣು ತೆರೆದಳು. ಸಿರುಗುಪ್ಪದ ಕಡೆಯ ಹಸಿರು ಗದ್ದೆ, ದೂರದಲ್ಲಿ ಹೊಳೆ ಕಂಡಾಗ ಎರಡನ್ನೂ ತೆರೆದಳು. ಆಮೇಲೆ ಮೆಲ್ಲಗೆ, "ಎಷ್ಟು ಚಂದ ಐತ್ರಿ..." ಎಂದಳು. ನನ್ನ ಕಣ್ಣು ತುಂಬಿ ಬಂತು. ಇಷ್ಟಕ್ಕಾಗಿಯೇ ತಾನೆ ನಾನು ನಿಂಬೆಹಣ್ಣು ತುಳಿದದ್ದು!

"ನಮ್ಮ ಮನಿ ತೋರಿಸ್ರಿ" ಅಂದಳು. ಬಳ್ಳಾರಿಯ ಕಡೆ ತಿರುಗಿಸಿದೆ. ಕಲ್ಲಿನ ಗುಡ್ಡ, ಕೋಟೆ, ಆಚೆಗೆ ಕಂಟೋನ್ಮೆಂಟಿನ ಮರಗಳು. ಆಕೆ ಗಾಜಿಗೆ ಹಣೆ ಹಚ್ಚಿ ನೋಡಿದಳು. ನಮ್ಮ ತಾರಸಿ ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು. ಉಳಿದ ಯಾರ ತಾರಸಿಯೂ ಹೊಳೆಯುತ್ತಿರಲಿಲ್ಲ.

"ಏನ್ರೀ! ನಮ್ಮ ಟ್ಯಾಂಕ್ ತುಂಬಿ ಹರಿಯಾಕತ್ತೈತಿ! ಇವತ್ತು ನೀರು ಬಿಡೋ ದಿನ, ಮೋಟರ್ ಹಚ್ಚೀನಿ, ನೀವು ಬಂದ್ ಮಾಡ್ರಿ ಅಂತ ಮುಂಜಾನಿ ಹೇಳಿಲ್ಲೇನು? ಹ್ಞೂಂ ಅಂದ್ರಿ!"

ನನಗೆ ಅಡುಗೆಮನೆಯ ಬಾಗಿಲು ನೆನಪಾಯಿತು.

"ನೀರು ಎದುರು ಮನಿ ಅಂಗಳಕ್ಕ ಹೊಂಟೈತಿ. ಆ ಮನಿಯಾಕಿ ಹೊರಗ ನಿಂತು ನಮ್ಮನ್ನ ಬೈಯಾಕತ್ತಾಳ!"

"ಇಲ್ಲ ಬಿಡು, ವಿಮಾನ ನೋಡಿ ಕೈ ಮಾಡಾಕತ್ತಾಳ."

"ಆಕಿ ಬೈಯೋದು ನನಗ ಗೊತ್ತಿಲ್ಲೇನು? ಕೈ ಹಂಗ ಮಾಡಿದ್ಲು ಅಂದ್ರ ಬೈಯಾಕತ್ತಾಳ ಅಂತನ. ಇಳಸ್ರಿ!"

"ಇಲ್ಲಿ ಇಳಸಾಕ ಬರಂಗಿಲ್ಲ."

"ಇಲ್ಲಿರೋ ಸ್ವಿಚ್ಚೆಲ್ಲ ಮುಟ್ಟಿ ಮುಟ್ಟಿ ನೋಡಿದ್ರಿ, ಮನೀದೊಂದು ಸ್ವಿಚ್ ನೋಡಾಕ ಆಗ್ಲಿಲ್ಲೇನ್ರಿ?"

ಅಲ್ಲಿಂದ ಕ್ಲಬ್ಬಿನ ರನ್‌ವೇ ಮುಟ್ಟುವವರೆಗೆ ಆಕೆ ನಿಲ್ಲಿಸಲಿಲ್ಲ. ಹಳೆಯ ಗ್ಯಾಸ್ ಒಲೆ, ಮರೆತ ಬೀಗ, ನಮ್ಮ ಮದುವೆಯಲ್ಲಿ ನಮ್ಮ ಕಡೆಯವರು ನಡೆದುಕೊಂಡದ್ದು, ಎಲ್ಲ ಬಂತು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಇಂಜಿನ್ ಸದ್ದು ಪೂರ್ತಿ ಹೋಗಿತ್ತು.

ಇಳಿದ ಮೇಲೆ ಆಕೆ ಹೆಡ್‌ಸೆಟ್ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ ರೀತಿ ನೋಡಿ, ನನ್ನ ಆಸೆ ಒಂದೇ ಸಲಕ್ಕೆ ಮುಗಿಯಿತು ಅಂದುಕೊಂಡೆ. ಎದುರು ಮನೆಯಾಕೆಯ ಮುಂದೆ ನಾನೇ ಕೈ ಮುಗಿದು ನಿಂತೆ.

ಮುಂದಿನ ಸಲ ನೀರು ಬಿಟ್ಟ ದಿನ ನಾನು ಎದ್ದು ಹೊರಗೆ ಬಂದರೆ, ಆಕೆ ಸೀರೆ ಉಟ್ಟು ಸಿದ್ಧವಾಗಿ ಕೂತಿದ್ದಾಳೆ, ಮಡಿಲಲ್ಲಿ ಹೆಡ್‌ಸೆಟ್ಟಿನ ಡಬ್ಬಿ.

"ನಡೀರಿ, ಮ್ಯಾಲ ಹೋಗಿ ನೋಡೋಣ. ನಮ್ಮ ಮೋಟರ್ ನಾನ ಬಂದ್ ಮಾಡೀನಿ. ಎದುರು ಮನಿಯಾಕಿ ಮೋಟರ್ ಹಚ್ಚಿ ಸಂತಿಗೆ ಹೋಗ್ಯಾಳ!"