ಮಾತೆಯ ಜೊತೆ ಲೋಲೊ ಮುಳುಗಿದ್ದು

ಎಲ್ಲಾ ರಾದ್ಧಾಂತಕ್ಕೂ ಮೂಲ ಲೋಲೊ ಕನೂಲನ ಒದ್ದೆ ತಲೆ.

ಸಮುದ್ರದ ದಂಡೆಯ ಡೈವಿಂಗ್ ಅಂಗಡಿಯಲ್ಲಿ ಅವನಿಗೆ ಕೆಲಸ. ರಜೆಗೆ ಬಂದವರು ನೀರಿಗಿಳಿದು ಬಂದು ಬಿಚ್ಚಿ ಬಿಸಾಡಿದ ರಬ್ಬರ್ ಅಂಗಿಗಳನ್ನು ತೊಟ್ಟಿಯಲ್ಲಿ ಅದ್ದಿ ಅದ್ದಿ ತೊಳೆಯಬೇಕು. ತೊಳೆಯುವ ರಭಸಕ್ಕೆ ಅವನ ತಲೆಯೂ ತೊಯ್ದು ತೊಪ್ಪೆ. ಸಂಜೆ ಅದೇ ಒದ್ದೆ ತಲೆಯಲ್ಲಿ, ಹಣೆಯ ಮೇಲೊಂದು ಡೈವಿಂಗ್ ಕನ್ನಡಕ ಏರಿಸಿಕೊಂಡು ಊರ ಬೀದಿಯಲ್ಲಿ ಸೈಕಲ್ ಹೊಡೆಯುತ್ತಿದ್ದರೆ ಹಿನ್ನೆಲೆ ಸಂಗೀತ ಒಂದು ಕಮ್ಮಿ, ಅಷ್ಟೇ.

"ಇವತ್ತು ಎಷ್ಟು ಆಳ ಹೋಗಿದ್ಯೋ ಲೋಲೊ?" ಎಂದು ಟೋರ್ಟಿಯಾ ರೊಟ್ಟಿ ಅಂಗಡಿಯ ಮುಂದೆ ನಿಂತ ಹೆಂಗಸರು ಕೇಳುತ್ತಿದ್ದರು.

"ಆಳಾನ ನಾನು ನೋಡಲ್ಲ ಅಕ್ಕಾ. ಆಳಾನೇ ನನ್ನ ನೋಡಿ ಪಕ್ಕಕ್ಕೆ ಸರಿಯುತ್ತೆ."

ಈಜು ಬರುವುದಿಲ್ಲ ಎಂಬ ಚಿಕ್ಕ ವಿಷಯವೊಂದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಗ್ವಾದಲೂಪೆ ಕನ್ಯಾಮಾತೆಯ ಹಬ್ಬದ ಬೆಳಿಗ್ಗೆ ದೋನ್ ಕ್ರಿಸಾಂತೊ ಲೋಲೊನ ಹಟ್ಟಿ ಬಾಗಿಲಿಗೆ ಬಂದು ನಿಂತ. ಕ್ರಿಸಾಂತೊ ಅಂದರೆ ಊರಿಗೆಲ್ಲ ಭಾನುವಾರದ ಹಂದಿಮಾಂಸ ಬೇಯಿಸುವವನು. ಲೋಲೊಗೆ ಮಾತ್ರ ತಾನು ಮೆಚ್ಚಿದ ನೈದಿಯ ಅಪ್ಪ. ಪಕ್ಕದೂರಿನವರು ತಮ್ಮ ಸೆನೋಟೆಯಲ್ಲಿ, ಅಂದರೆ ನೆಲ ಕುಸಿದು ಬಾಯ್ಬಿಟ್ಟ ಸಿಹಿನೀರಿನ ಗುಹೆಯಲ್ಲಿ, ಮಾತೆಯ ಪ್ರತಿಮೆ ಇಳಿಸಿದ್ದೇ ತಡ, ಡೈವಿಂಗ್‌ನವರ ವ್ಯಾನುಗಳು ಅಲ್ಲಿ ಸಾಲುಗಟ್ಟಿದ್ದವು. ಕ್ರಿಸಾಂತೊಗೆ ಹೊಟ್ಟೆ ಉರಿದು, ತನ್ನೂರ ಸೆನೋಟೆಗೆಂದು ತಾನೂ ಒಂದು ಸಿಮೆಂಟಿನ ಮಾತೆಯನ್ನು ಮಾಡಿಸಿ ತಂದಿದ್ದ.

"ಮೆರೀದ ಪಟ್ಟಣದಿಂದ ಬರಬೇಕಾಗಿದ್ದ ಡೈವರ್‌ಗೆ ಕಿವಿ ನೋವಂತೆ ಕಣೋ. ಮಧ್ಯಾಹ್ನ ಮಾತೆನ ನೀನೇ ಇಳಿಸ್ಬೇಕು."

"ನಾನಾ? ನಂಗೂ ಯಾಕೋ ನಿನ್ನೆಯಿಂದ ಈ ಕಡೆ ಕಿವಿ..."

"ಹೋದ ತಿಂಗಳು ನೈದಿನ ಕೇಳ್ಕೊಂಡು ಬಂದಿದ್ಯಲ್ಲ. ಮಾತೆ ನೀರೊಳಗೆ ಗುರುತು ಹಾಕಿರೋ ಕಲ್ಲಿನ ಮೇಲೆ ನೆಟ್ಟಗೆ ನಿಂತ್ರೆ, ನನ್ನ ಮಗಳು ನಿನ್ನೋಳು. ಕಿವಿ ಹೆಂಗಿದೆ ಈಗ?"

"ವಾಸಿಯಾಯ್ತು" ಎಂದ ಲೋಲೊ.

ಈಗ ಅವನಿಗೆ ಇದ್ದದ್ದು ಒಂದೇ ದಾರಿ. ಅದರ ಹೆಸರು ವಿಲ್ಬೆರ್ತ್. ಅಂಗಡಿಯ ದೊಡ್ಡ ಗೈಡು, ಮೀನಿಗೇ ಈಜು ಹೇಳಿಕೊಡುವ ಆಸಾಮಿ. ಕಷ್ಟ ಏನೆಂದರೆ, ಊರಿನ ಯಾವ ಹಬ್ಬದ ಕುಣಿತದಲ್ಲೂ ಅವನು ನೈದಿಯ ಕೈ ಬಿಟ್ಟು ಬೇರೆಯವರ ಕೈ ಹಿಡಿದದ್ದಿಲ್ಲ. ಅವನ ಹತ್ತಿರ ಹೋಗಿ ಡೈವಿಂಗ್ ಹೇಳಿಕೊಡು ಅನ್ನುವುದು, ಹುಲಿಯ ಹತ್ತಿರ ಹೋಗಿ ಓಡುವುದು ಹೇಗೆ ಎಂದು ಕೇಳಿದ ಹಾಗೆ.

ಆದರೆ ವಿಲ್ಬೆರ್ತ್ ನಗಲಿಲ್ಲ. ಪೂರ್ತಿ ಕತೆ ಕೇಳಿದ. ಗಲ್ಲ ಕೆರೆದುಕೊಂಡ.

"ಈಗ್ಲೇ ಟೂರಿಸ್ಟ್‌ಗಳ ಜೊತೆ ದೋಣಿ ಹತ್ತು. ಹೊಸಬರಿಗೆ ಪಾಠ ಇದೆ. ನೀನೂ ಒಬ್ಬ ಹೊಸಬ."

"ಯಾಕೋ ನಂಗೆ ಸಹಾಯ ಮಾಡ್ತೀಯ?"

"ನನ್ನ ಶಿಷ್ಯ ಮುಳುಗಿಹೋದ್ರೆ ನನ್ನ ಹೆಸರೂ ಮುಳುಗುತ್ತಲ್ಲ ಮಗಾ."

ಸಮುದ್ರದಲ್ಲಿ ಲೋಲೊಗೆ ಜೋಡಿಯಾಗಿ ಸಿಕ್ಕಿದ್ದು ದೂರದ ತೊಲೂಕಾ ನಗರದ ದೋನ್ಯಾ ಓಫೆಲಿಯಾ. ಎಪ್ಪತ್ತು ತುಂಬಿದ ಖುಷಿಗೆ ಮಕ್ಕಳು ಕೊಡಿಸಿದ ಹಡಗಿನ ಪ್ರವಾಸ ಬಿಟ್ಟು, "ನೀರಿನ ಮೇಲೆ ಕೂತು ಬಿಂಗೊ ಆಡೋಕೆ ನನಗೇನು ವಯಸ್ಸಾಗಿದ್ಯಾ" ಎಂದು ಡೈವಿಂಗ್‌ಗೆ ಬಂದ ನಿವೃತ್ತ ಟೀಚರಮ್ಮ. ಆಕೆ ದೋಣಿಯಿಂದ ಹಿಮ್ಮುಖ ಬಿದ್ದಳು, ಮುಳುಗಿದಳು, ಎದ್ದಳು, ಇನ್ನೊಮ್ಮೆ ಎಂದಳು. ಲೋಲೊ ಮಾತ್ರ ಎಣ್ಣೆಗೆ ಬಿಟ್ಟ ಎಂಪನಾದ ಕಡುಬಿನ ಹಾಗೆ ಮೇಲೆಯೇ ತೇಲುತ್ತಿದ್ದ.

"ಮುಳುಗ್ತಾನೇ ಇಲ್ವಲ್ಲ ಇವನು" ಎಂದಳು ಓಫೆಲಿಯಾ. "ಮಗಾ, ಒಳಗಡೆ ಏನು ತುಂಬ್ಕೊಂಡಿದ್ದೀಯ?"

"ಭಯ, ಟೀಚರ್."

ವಿಲ್ಬೆರ್ತ್ ಅವನ ಸೊಂಟದ ಬೆಲ್ಟಿಗೆ ಸೀಸದ ತೂಕ ಪೋಣಿಸಿದ. ತೇಲಿದ. ಇನ್ನೊಂದು ಪೋಣಿಸಿದ. ಆಗಲೂ ತೇಲಿದ. ಕೊನೆಗೆ ದೋಣಿಯಲ್ಲಿದ್ದ ಸೀಸವೆಲ್ಲ ಅವನ ಸೊಂಟಕ್ಕೆ ಬಂದ ಮೇಲೆ, ಇಷ್ಟವಿಲ್ಲದ ಮದುವೆಗೆ ಹೊರಟ ನೆಂಟನ ಹಾಗೆ, ನಿಧಾನವಾಗಿ ಕೆಳಗಿಳಿದ. ಕಣ್ಣು ಮುಚ್ಚಿ ಬಾಯಿಯ ಕೊಳವೆಯಿಂದ ಉಸಿರೆಳೆದ. ಗಾಳಿ ಬಂತು. ಕಣ್ಣು ಬಿಟ್ಟ. ನೀಲಿ ಮೀನೊಂದು ಅವನ ಮುಖವನ್ನೇ ನೋಡುತ್ತಾ ಹವಳ ಕಡಿಯುತ್ತಿತ್ತು, ಟಾಕೀಸಿನಲ್ಲಿ ಕಡಲೆಕಾಯಿ ತಿನ್ನುವವರ ಹಾಗೆ. ಇಷ್ಟು ವರ್ಷ ಬೊಗಳೆ ಬಿಟ್ಟ ಜಾಗ ಇಷ್ಟು ಚೆನ್ನಾಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಮೇಲೆ ಬಂದವನೇ ಕೇಳಿದ. "ಟೀಚರ್, ನಾನು ಬದುಕಿದ್ದೀನಾ?"

"ಮೊದ್ಲು ನನ್ನ ಕಾಲು ಬಿಡು. ಆಮೇಲೆ ಹೇಳ್ತೀನಿ."

ಮಧ್ಯಾಹ್ನ ಸೆನೋಟೆಯ ಬಾಯಿಯ ಸುತ್ತ ಊರಿಗೆ ಊರೇ ನೆರೆದಿತ್ತು. ಕಹಳೆ, ಡ್ರಮ್ಮು, ಪಟಾಕಿ. ಕಟ್ಟೆಯ ಮೇಲೆ ಗುಲಾಬಿ ಹಾರ ಹಾಕಿಸಿಕೊಂಡ ಸಿಮೆಂಟಿನ ಮಾತೆ. ಲೋಲೊ ರಬ್ಬರ್ ಅಂಗಿಯಲ್ಲಿ ಬಂದು ಸೈಕಲ್ಲಿನಿಂದ ಇಳಿದಾಗ ಶಿಳ್ಳೆ ಬಿತ್ತು. ರಜೆ ಕಳೆಯಲು ಬಂದಿದ್ದ ಓಫೆಲಿಯಾ ಕೂಡ ಹೋಟೆಲಿನ ಊಟ ಬಿಟ್ಟು ಬಂದಿದ್ದಳು. "ಇಂಥದ್ದು ಬಿಟ್ಟು ಸೀಗಡಿ ತಿನ್ನೋಕಾಗುತ್ತಾ?"

ಸಲಹೆಗಳಿಗೆ ಬರವಿರಲಿಲ್ಲ. ಟೋರ್ಟಿಯಾ ಅಂಗಡಿಯವಳು ಬಲಗಾಲು ಮೊದಲು ಎಂದಳು. ಕ್ಷೌರಿಕ ಎಡಗಾಲು ಎಂದ. ಜೀವಮಾನದಲ್ಲಿ ಸೆನೋಟೆಗೆ ಬಕೆಟ್ ಬಿಟ್ಟು ಬೇರೇನೂ ಇಳಿಸದವನೊಬ್ಬ, "ಒಳಗೆ ಹೋದ್ಮೇಲೆ ಎಡಕ್ಕೆ ತಿರುಗ್ಕೋ" ಎಂದ. ಅಷ್ಟರಲ್ಲಿ ಪ್ರಾರ್ಥನೆ ಹೇಳಿಸುವ ಅಜ್ಜಿ ಮೇಣದಬತ್ತಿ ಹಚ್ಚಿ ಕೇಳಿದಳು. "ಮಾತೆಗೆ ಪದ್ರೀನೊ ಯಾರು?"

ದೇವರ ಕೆಲಸಕ್ಕೆ ಹೊಣೆ ನಿಲ್ಲುವವನು ಪದ್ರೀನೊ. ಅವನ ಹೆಸರು ಕಲ್ಲಿನ ಮೇಲೆ ಕೆತ್ತುತ್ತಾರೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಲ್ಬೆರ್ತ್ ಮೆಲ್ಲಗೆ ಮುಂದೆ ಬಂದ.

"ಯಾರೂ ಇಲ್ಲಾಂದ್ರೆ ನಾನಿದ್ದೀನಿ ಅಜ್ಜಿ. ಲೋಲೊ ಇಳಿಸ್ಲಿ. ಹೆಸರು ನನ್ನದಿರ್ಲಿ."

ಲೋಲೊನ ತಲೆಗೆ ಬೆಂಕಿ ಬಿತ್ತು. ಓಹೋ, ಬೆಳಿಗ್ಗೆಯಿಂದ ಸಹಾಯ ಮಾಡಿದ್ದು ಇದಕ್ಕಾ.

"ಏ ನಿಲ್ಲಪ್ಪಾ. ಮುಳುಗೋನು ನಾನು, ಕಲ್ಲಿನ ಮೇಲೆ ಹೆಸರು ನಿಂದಾ? ಈ ಸೆನೋಟೆಗೆ ಹೀರೋ ಒಬ್ನೇ. ಬರ್ಕೊಳಜ್ಜಿ, ಪದ್ರೀನೊ ಲೋಲೊ ಕನೂಲ್."

ಚಪ್ಪಾಳೆಯೋ ಚಪ್ಪಾಳೆ. ಮಾತೆಯನ್ನು ಮಾಡಿಸಿದ ಕ್ರಿಸಾಂತೊ ಎದೆ ಉಬ್ಬಿಸಿಕೊಂಡು ಅವನ ಜೊತೆ ಒಂದೇ ಮೇಣದಬತ್ತಿ ಹಿಡಿದ. ಅಜ್ಜಿ ಇಬ್ಬರ ಕೈಗೂ ಸೇರಿಸಿ ರಿಬ್ಬನ್ ಸುತ್ತಿದಳು, ನೀರು ಚಿಮುಕಿಸಿದಳು. ಗುಂಪಿನ ಹಿಂದಿನಿಂದ ನೈದಿ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದಳು. ಕಹಳೆಯವರು ಅದೇ ಹೊತ್ತಿಗೆ ಶುರು ಹಚ್ಚಿಕೊಂಡಿದ್ದರು. ಪಾಪ, ನನ್ನ ಜೀವದ ಬಗ್ಗೆ ಎಷ್ಟು ಕಾಳಜಿ ಎಂದು ಲೋಲೊ ಅವಳಿಗೆ ಕಣ್ಣು ಹೊಡೆದ.

ನೀರಿನ ಅಂಚಿನಲ್ಲಿ ವಿಲ್ಬೆರ್ತ್ ಅವನ ಬೆಲ್ಟಿಗೆ ಕೈ ಹಾಕಿದ. "ಸೀಸ ಅರ್ಧ ತೆಗಿ. ಇದು ಸಿಹಿನೀರು."

"ಕೈ ತೆಗಿ. ಬೆಳಿಗ್ಗೆ ನನ್ನ ಮರ್ಯಾದೆ ಉಳಿಸಿದ್ದು ಇದೇ ಸೀಸ. ಒಂದು ತುಣುಕೂ ಬಿಚ್ಚಲ್ಲ."

"ಉಪ್ಪುನೀರು ಹೊತ್ಕೊಳ್ಳುತ್ತೆ ಮಗಾ, ಸಿಹಿನೀರು ಕೈ ಬಿಡುತ್ತೆ" ಎಂದಳು ಓಫೆಲಿಯಾ. ಅವಳ ಮಾತು ಮುಗಿಯುವಷ್ಟರಲ್ಲಿ ಲೋಲೊ ಮಾತೆಯನ್ನು ತಬ್ಬಿಕೊಂಡು ಹೆಜ್ಜೆ ಇಟ್ಟಾಗಿತ್ತು.

ಅವನು ಇಳಿಯಲಿಲ್ಲ. ಲಿಫ್ಟಿನ ಹಗ್ಗ ಕಡಿದ ಹಾಗೆ ಹೋದ. ಸಮುದ್ರಕ್ಕೆಂದು ಕಟ್ಟಿದ ಸೀಸ, ಜೊತೆಗೆ ಸಿಮೆಂಟು. ಕೊಳವೆಯಿಂದ ಗುಳ್ಳೆಗಳು ಮೇಲಕ್ಕೆ, ಲೋಲೊ ಕೆಳಕ್ಕೆ. ಕಿವಿ ಚುರ್ ಎಂದಾಗ ಬೆಳಗಿನ ಪಾಠ ನೆನಪಾಗಿ ಮೂಗು ಹಿಡಿದು ಊದಿದ. ಅಷ್ಟರಲ್ಲಿ ಕಾಲು ಧೊಪ್ಪನೆ ನೆಲಕ್ಕೆ ಬಡಿಯಿತು. ನೋಡುತ್ತಾನೆ, ಅದೇ ಕಲ್ಲು. ಮಾತೆಗೆಂದು ಗುರುತು ಹಾಕಿಟ್ಟ ಚಪ್ಪಟೆ ಕಲ್ಲು. ತಬ್ಬಿದ್ದ ಕೈ ಬಿಟ್ಟ. ಮಾತೆ ಒಂಚೂರೂ ಓಲಾಡದೆ ನೆಟ್ಟಗೆ ನಿಂತಳು.

ಗುಹೆಯ ಬಾಯಿಯಿಂದ ಬಿಸಿಲಿನ ಕೋಲೊಂದು ನೀರನ್ನು ಸೀಳಿಕೊಂಡು ಬಂದು ಸರಿಯಾಗಿ ಅವಳ ಮುಖದ ಮೇಲೆ ಬಿತ್ತು. ಸುತ್ತ ಕಲ್ಲಿನ ಕಂಬಗಳು, ಕನ್ನಡಿಯಂಥ ನೀರು. ಮೇಲಿನಿಂದ ಇಣುಕುತ್ತಿದ್ದ ಊರು ನೋಡಿದ್ದಿಷ್ಟೇ. ತಮ್ಮ ಲೋಲೊ ಕಾಲೂ ಬಡಿಯದೆ, ಕೈಯೂ ಆಡಿಸದೆ, ಬಾಣದ ಹಾಗೆ ಇಳಿದು ಮಾತೆಯನ್ನು ಪ್ರತಿಷ್ಠೆ ಮಾಡಿ ಎದುರಿಗೆ ನಿಶ್ಚಲನಾಗಿ ನಿಂತುಬಿಟ್ಟಿದ್ದಾನೆ. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು.

ನಿಶ್ಚಲನಾಗಿ ನಿಂತದ್ದಕ್ಕೆ ಕಾರಣ ಬೇರೆ. ಮೇಲೆ ಬರಲು ಆಗುತ್ತಿರಲಿಲ್ಲ. ಕೊನೆಗೆ ವಿಲ್ಬೆರ್ತ್ ಇಳಿದು ಬಂದು ಬೆಲ್ಟ್ ಬಿಚ್ಚಿದ. ಬಿಚ್ಚಿದ್ದೇ ರಾಕೆಟ್ಟಿನ ಹಾಗೆ ಹಾರಲಿದ್ದವನ ಕಾಲು ಹಿಡಿದು ನಿಧಾನ ಮಾಡಿ ಕರೆತಂದ. ನೀರಿನಿಂದ ಮೊದಲು ಲೋಲೊನ ಮುಷ್ಟಿ ಎದ್ದಿತು, ಆಮೇಲೆ ಲೋಲೊ. ಪಟಾಕಿ ಸಿಡಿದವು. ತೊಲೂಕಾದ ಟೀಚರಮ್ಮ ಬೆರಳು ಬಾಯಿಗಿಟ್ಟು ಹೊಡೆದ ಶಿಳ್ಳೆಗೆ ಗುಹೆಯೊಳಗಿನ ಬಾವಲಿಗಳೆಲ್ಲ ಎದ್ದವು.

ಕ್ರಿಸಾಂತೊ ಕಣ್ಣೀರು ಹಾಕುತ್ತಾ ಓಡಿ ಬಂದು ಒದ್ದೆ ಲೋಲೊನನ್ನು ಎತ್ತಿ ತಬ್ಬಿಕೊಂಡ. "ಕಂಪಾದ್ರೆ" ಎಂದ. "ನನ್ನ ಕಂಪಾದ್ರೆ."

"ಅಳಿಯ ಅನ್ನಿ ಅಂತ ನಾನು ಹೇಳ್ಬೇಕಾ ಈಗ..." ಎಂದು ನಾಚುತ್ತಿದ್ದವನು ಅಲ್ಲೇ ನಿಂತ. ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯವೊಂದು ಸೀಸಕ್ಕಿಂತ ಭಾರವಾಗಿ ಅವನ ತಲೆಯೊಳಗೆ ಇಳಿಯಿತು.

ಕ್ರಿಸಾಂತೊಗೂ ಅದೇ ಗಳಿಗೆಯಲ್ಲಿ ಇಳಿದಿರಬೇಕು. ಹೆಗಲ ಮೇಲಿನ ಕೈ ಸಡಿಲವಾಯಿತು.

"ಅಯ್ಯೋ ಲೋಲೊ. ಮಾತೆ ನನ್ನೋಳು, ಪದ್ರೀನೊ ನೀನು. ಒಂದೇ ಬತ್ತಿ ಹಿಡಿದ್ವಿ. ಕಂಪಾದ್ರೆ ಅಂದ್ರೆ ದೇವರ ಮುಂದೆ ಅಣ್ಣತಮ್ಮ ಆಗ್ಹೋದ್ವಲ್ಲೋ."

"ಹಂಗಾದ್ರೆ ನೈದಿ..."

"ತಮ್ಮನಿಗೆ ಯಾರಾದ್ರೂ ಮಗಳನ್ನ ಕೊಡ್ತಾರಾ?" ಕ್ರಿಸಾಂತೊ ಮೂಗು ಒರೆಸಿಕೊಂಡ. "ನಿನ್ನಂಥ ಅಳಿಯ ನಂಗೆ ಇನ್ನು ಸಿಗಲ್ಲ. ಇರ್ಲಿ, ನಿನ್ನಂಥ ತಮ್ಮ ಸಿಕ್ಕಿದ. ನೈದಿ, ಬಾಮ್ಮಾ. ಚಿಕ್ಕಪ್ಪನ ಕೈಗೆ ಮುತ್ತು ಕೊಡು."

ನೈದಿ ಬಂದು ಅವನ ಕೈ ಹಿಡಿದಳು. "ಅಷ್ಟು ಕೂಗಿದೆ" ಎಂದಳು ಮೆಲ್ಲಗೆ. "ಬೇಡ ಬೇಡ ಅಂತ ಕೂಗಿದೆ. ನೀನು ಕಣ್ಣು ಹೊಡೀತಿದ್ದೆ." ಬಗ್ಗಿ, ಹಿರಿಯರಿಗೆ ಕೊಡುವ ಹಾಗೆ, ಮುಂಗೈಗೆ ಮುತ್ತಿಟ್ಟಳು.

ಅವಳ ಹಿಂದೆಯೇ ವಿಲ್ಬೆರ್ತ್. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖದಲ್ಲಿ ಭಕ್ತಿಯೂ ತೊಟ್ಟಿಕ್ಕುತ್ತಿತ್ತು. ಅವನೂ ಅದೇ ಕೈಗೆ ಬಗ್ಗಿ ಮುತ್ತಿಟ್ಟ. "ಆಶೀರ್ವಾದ ಇರ್ಲಿ ಚಿಕ್ಕಪ್ಪಾ. ಹೆಸರು ನನ್ನದಿರ್ಲಿ ಅಂದೆ, ನೀವೇ ಬಿಡ್ಲಿಲ್ಲ."

ಲೋಲೊ ಆ ಕೈಯನ್ನು ರಬ್ಬರ್ ಅಂಗಿಗೆ ಒರೆಸಿಕೊಂಡ. ಅಷ್ಟರಲ್ಲಿ ಜನ ನುಗ್ಗಿ ಬಂದು ಅವನನ್ನು ಹೆಗಲ ಮೇಲೆ ಎತ್ತಿಕೊಂಡಾಗಿತ್ತು. "ಪದ್ರೀನೊಗೆ ಜಯವಾಗಲಿ" ಎಂದು ಕೂಗುತ್ತಾ ಸೆನೋಟೆಯ ಸುತ್ತ ಮೆರವಣಿಗೆ ಹೊರಟರು. ಕಹಳೆ ಊದಿತು, ಗುಲಾಬಿ ಬಿತ್ತು.

ಕೆಳಗಿನಿಂದ ಕ್ರಿಸಾಂತೊ ಕೈ ಬೀಸಿ ಕರೆದ. "ಕಂಪಾದ್ರೆ, ಸ್ವಲ್ಪ ಇಳಿದು ಬಾ. ವಿಲ್ಬೆರ್ತ್ ನೈದಿ ವಿಷಯ ಏನೋ ಕೇಳ್ಬೇಕಂತೆ. ಮನೆಗೆ ಹಿರಿಯ ಅಂತ ನೀನೂ ಕೂತ್ಕೋಬೇಕು."

ಲೋಲೊ ತನ್ನನ್ನು ಹೊತ್ತಿದ್ದವರ ಕಿವಿಗೆ ಬಗ್ಗಿದ.

"ಇಳಿಸ್ಬೇಡ್ರಪ್ಪಾ" ಎಂದ. "ಇನ್ನೊಂದು ಸುತ್ತು ಹೊಡೀರಿ."