ಅರ್ಧ ಬೈಠಕ್

ನಮ್ಮ ಕಾಕಾನಿಗೆ ಊರಲ್ಲಿ ಒಬ್ಬ ವೈರಿಯೂ ಇರಲಿಲ್ಲ, ಅವರ ಸೊಂಟವೊಂದನ್ನು ಬಿಟ್ಟು. ಅದರ ಜೊತೆ ಮಾತ್ರ ದಿನಾ ಬೆಳಿಗ್ಗೆ ಜಗಳ.

ಎಪ್ಪತ್ತರ ದಶಕದ ಕೊನೆ. ಕಾಕಾ ಶಿರಹಟ್ಟಿಯಲ್ಲಿ ಗಣಿತದ ಮಾಸ್ತರು. ಅದೇ ಶಾಲೆಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಅವರ ಮನೆಯಲ್ಲೇ ಇದ್ದೆ. ಬೆಳಗಾದರೆ ಕಾಕಾ ಕೂತು ಎದ್ದು ನೂರು ಬೈಠಕ್ ಹೊಡೆಯುತ್ತಿದ್ದರು. ಹೊಡೆದಷ್ಟೂ ಸೊಂಟದ ಕೆಳಗೆ ಹಿಡಿದುಕೊಂಡಂತಾಗಿ, ನೋವು ತೊಡೆಸಂದಿಗೆ ಇಳಿಯುತ್ತಿತ್ತು. ಬಿಟ್ಟರೇ? "ಬೈಠಕ್‌ನಿಂದ ಬಂದ ನೋವು ಬೈಠಕ್‌ನಿಂದನ ಹೋಗಬೇಕು" ಎಂಬುದು ಅವರ ಸಿದ್ಧಾಂತ. ಅವರ ಹೆಂಡತಿ, ನಮ್ಮ ಕಾಕು, ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ ಶಾಖ ಕೊಟ್ಟಳು. ನೋವು ಕಡಿಮೆಯಾದ ಮರುದಿನ ಇವರು ನೂರಾ ಹತ್ತು ಹೊಡೆದರು.

ಒಂದು ಬೆಳಿಗ್ಗೆ ಕಾಕು ಚಹಾ ತಂದಾಗ ಕಾಕಾ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತೇ ಇದ್ದರು.

"ಯಾಕ್ರೀ, ಕುಂತೇ ಬಿಟ್ಟೀರಿ?"

"ಕುಂತಿಲ್ಲ. ಅರ್ಧಾ ಬೈಠಕ್ ಆಗೇತಿ."

"ಉಳಿದರ್ಧ?"

"ಸ್ವಲ್ಪ ಕೈ ಕೊಡು, ಆಗತೈತಿ."

ಆವತ್ತೇ ಅವರನ್ನು ಗದುಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟೆ. ಕೂತರೆ ನೋವೆಂದು ಕಾಕಾ ಬಸ್ಸಿನಲ್ಲಿ ನಿಂತೇ ಬಂದರು. ರೈತನೊಬ್ಬ ಎದ್ದು, "ಕುಂಡ್ರಿ ಸರ್" ಎಂದ. ಕಾಕಾ ಬೇಡವೆಂದರು. "ಮಾಸ್ತರಂದ್ರ ಹಿಂಗಿರಬೇಕು ನೋಡ್ರಿ" ಎಂದು ಅವನು ಬಸ್ಸಿಗೆಲ್ಲ ಕೇಳುವಂತೆ ಹೊಗಳಿದ. ಕಾಕಾ ಹೊಗಳಿಕೆಯನ್ನು ಮಾತ್ರ ಬೇಡವೆನ್ನಲಿಲ್ಲ.

ಡಾಕ್ಟರು ಮಲಗಿಸಿ, ಕಾಲೆತ್ತಿಸಿ, ಸೊಂಟ ಒತ್ತಿ ನೋಡಿದರು.

"ನೋವು ಯಾವಾಗ ಹೆಚ್ಚಾಗತೈತ್ರಿ?"

"ಐವತ್ತು ಬೈಠಕ್ ಆದಮ್ಯಾಲೆ."

"ಆವಾಗ ಏನ್ ಮಾಡ್ತೀರಿ?"

"ಉಳಿದ ಐವತ್ತು ಮುಗಸ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟು ಅವರ ಮುಖವನ್ನೇ ನೋಡಿದರು. "ಬೈಠಕ್ ಬಂದ್. ಸಪಾಟ ದಾರಿಯೊಳಗ ಸಾವಕಾಶ ಅಡ್ಡಾಡ್ರಿ. ಭಾರ ಎತ್ತಬ್ಯಾಡ್ರಿ."

ಕಾಕಾ ತಲೆಯಾಡಿಸಿದರು. ಮರುದಿನದಿಂದ ಬೈಠಕ್ ನಿಜಕ್ಕೂ ನಿಂತಿತು! ಯಾರ ಮಾತನ್ನೂ ಕೇಳದವರು ಒಮ್ಮೆಲೇ ಕೇಳಿದರೆ ಮನೆಯವರಿಗೆ ದಿಗಿಲಾಗದೇ? "ಬ್ಯಾರೆ ಏನರ ರೋಗ ಐತೇನೋ" ಎಂದು ಕಾಕು ನನ್ನನ್ನು ಕೇಳಿದಳು.

ನಾಲ್ಕನೇ ದಿನ ನಾನೇ ಕೇಳಿದೆ. ಕಾಕಾ ಒಳಕೋಣೆಯತ್ತ ನೋಡಿದರು. ಅಲ್ಲಿ ನಮ್ಮ ಅಜ್ಜಿ, ಎಂದರೆ ಅವರ ಅವ್ವ, ಮಲಗಿದ್ದಳು. ಜಾರಿಬಿದ್ದು ನಡೆಯಲಾಗದೆ ಎರಡು ವರ್ಷ. ದಿನಾ ಅವಳನ್ನು ಎತ್ತಿ ಅಂಗಳದ ಬಿಸಿಲಿಗೆ ತರುವವರು ಕಾಕಾ ಒಬ್ಬರೇ. ಬೇರೆಯವರ ಕೈ ಅವಳಿಗೆ ಹೆದರಿಕೆ.

"ಗಟ್ಟಿ ಆಗಲಿ ಅಂತ ಬೈಠಕ್ ಹೊಡದೆ. ಉಲ್ಟಾ ಆತು. ಈಗ ಬೆನ್ನಾಗ ದಿನಕ್ಕ ಒಮ್ಮೆ ಎತ್ತೂವಷ್ಟ ತ್ರಾಣ ಉಳದೈತಿ. ಅದನ್ನ ಅವ್ವಗ ಇಟ್ಟೀನಿ."

"ಭಾರ ಎತ್ತಬ್ಯಾಡ ಅಂದಾರಲ್ಲ, ಕಾಕಾ?"

ಕಾಕಾ ಎದ್ದು ಒಳಕೋಣೆಗೆ ಹೋದರು.

ಮರುದಿನ ಅವರು ಎತ್ತಲು ಬಗ್ಗಿದಾಗ ನಾನೂ ಇನ್ನೊಂದು ಬದಿಗೆ ಕೈ ಹಾಕಿದೆ. ಅಜ್ಜಿ ನನ್ನ ಮುಖ ನೋಡಿದಳು, ಬೇಡವೆನ್ನಲಿಲ್ಲ. ಇಬ್ಬರೂ ಸೇರಿ ಬಿಸಿಲಿಗೆ ತಂದು ಕೂಡಿಸಿದೆವು. ಕಾಕಾನ ನೋವಿನ ಸುದ್ದಿಯನ್ನು ನಾವ್ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಮಗನನ್ನು ಪಕ್ಕಕ್ಕೆ ಕರೆದು, ಸೊಂಟದ ಎಡಕ್ಕೆ, ಸರಿಯಾಗಿ ನೋವಿದ್ದ ಜಾಗಕ್ಕೇ ಕೈಯಿಟ್ಟು ಮೆಲ್ಲಗೆ ತಿಕ್ಕತೊಡಗಿದಳು.

"ಇಲ್ಲೇ ಹೌದಲ್ಲೋ?"

ಕಾಕಾ "ಹ್ಞೂಂ" ಎಂದರು.